ಮಳೆಗೆ ಕಿವಿಯಿಲ್ಲ, ಆಟಗಾರರಿಗಿದೆ

2025ರ ಏಪ್ರಿಲ್ 15ರಂದು ಭಾರತೀಯ ಹವಾಮಾನ ಇಲಾಖೆ ಆ ವರ್ಷದ ಮುಂಗಾರಿನ ಮೊದಲ ಮುನ್ಸೂಚನೆ ಕೊಟ್ಟಿತು. ದೀರ್ಘಾವಧಿ ಸರಾಸರಿಯ ಶೇ 105ರಷ್ಟು ಮಳೆ ಆಗಲಿದೆ ಎಂದಿತು. ಪುಣೆಯವರಿಗೆ ಇದು ಮನೆಯ ಸುದ್ದಿ ಇದ್ದಂತೆ. 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂದ ಹವಾಮಾನ ಕಚೇರಿಯನ್ನು ಶಿವಾಜಿನಗರದ ಕಡೆಯವರು ಈಗಲೂ ಶಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಅದೇ ವಾರ ಊರಿನ ಪೂರ್ವಕ್ಕೆ, ಹಡಪಸರದ ಅಮನೋರಾದಲ್ಲಿ, ಮಹಿಳೆಯರ ಫಿಡೆ ಗ್ರ್ಯಾನ್ ಪ್ರಿ ಚೆಸ್ ಟೂರ್ನಿ ನಡೆದಿತ್ತು. ಹತ್ತು ಆಟಗಾರ್ತಿಯರು, ಒಂಬತ್ತು ಸುತ್ತು, ಒಟ್ಟು 45 ಆಟ. ಅಲ್ಲಿಂದ ಏಳೆಂಟು ಕಿಲೋಮೀಟರ್ ದೂರದ ಕ್ಯಾಂಪಿನಲ್ಲಿ, ಈಸ್ಟ್ ಸ್ಟ್ರೀಟಿನ ಹತ್ತಿರದ ಒಂದು ಇರಾನಿ ಹೋಟೆಲಿನ ಮೇಜಿನ ಸುತ್ತ ಕೂತ ನಾವು ನಾಲ್ಕೈದು ಮಂದಿಗೂ ಒಂದು ಮುನ್ಸೂಚನೆಯ ಕೆಲಸವಿತ್ತು. ಈ 45 ಆಟಗಳು ಹೇಗೆ ಶುರುವಾಗುತ್ತವೆ, ಯಾರ ಬೋರ್ಡಿನ ಮೇಲೆ ಯಾವ ಓಪನಿಂಗ್ ಬರುತ್ತದೆ ಎಂದು ಆಟಕ್ಕೆ ಮೊದಲೇ ಬರೆದಿಡುವುದು.

ಮೇಲ್ನೋಟಕ್ಕೆ ಇದು ಆಗದ ಮಾತು. ಚೆಸ್‌ನಲ್ಲಿ ಬಿಳಿಕಾಯಿಯವರಿಗೆ ಮೊದಲ ನಡೆಗೆ 20 ಆಯ್ಕೆ: ಎಂಟು ಕಾಲಾಳುಗಳು ಒಂದು ಇಲ್ಲವೇ ಎರಡು ಮನೆ ಮುಂದೆ ಹೋಗಬಹುದು, ಎರಡು ಕುದುರೆಗಳು ಎರಡೆರಡು ಕಡೆ ಜಿಗಿಯಬಹುದು. ಕರಿಕಾಯಿಯವರಿಗೂ ಅಷ್ಟೇ ಇರುವುದರಿಂದ ಇಬ್ಬರೂ ಒಂದೊಂದು ನಡೆ ಮುಗಿಸುವಾಗ ದಾರಿಗಳು 400 ಆಗುತ್ತವೆ. ಬಿಳಿಯ ಎರಡನೇ ನಡೆಗೆ 8,902. ಕರಿಯ ಎರಡನೇ ನಡೆ ಮುಗಿಯುವಾಗ 1,97,281. ಆದರೆ ಮನುಷ್ಯರು ಈ ಕಾಡನ್ನೆಲ್ಲ ಸುತ್ತುವುದಿಲ್ಲ. ನೂರಾರು ವರ್ಷಗಳಿಂದ ತುಳಿದು ಸವೆದ ಕೆಲವೇ ಹಾದಿಗಳಲ್ಲಿ ನಡೆಯುತ್ತಾರೆ. ಬೆಲ್‌ಗ್ರೇಡಿನಿಂದ 1966ರಲ್ಲಿ ಹೊರಡತೊಡಗಿದ ‘ಚೆಸ್ ಇನ್‌ಫಾರ್ಮೆಂಟ್’ ಬಳಗದವರು ಮುಂದೆ ಈ ಹಾದಿಗಳಿಗೆಲ್ಲ ಎ00ದಿಂದ ಇ99ರವರೆಗೆ 500 ಸಂಕೇತ ಕೊಟ್ಟು, ಐದು ಸಂಪುಟಗಳ ಓಪನಿಂಗ್ ವಿಶ್ವಕೋಶ ತಂದರು. ಇವತ್ತಿಗೂ ಜಗತ್ತಿನ ಯಾವ ಮೂಲೆಯ ಆಟವಾದರೂ ಆ 500 ಕಪಾಟಿನ ಗೂಡುಗಳಲ್ಲಿ ಒಂದರಲ್ಲಿ ಕೂರುತ್ತದೆ.

ಹಾಗಾಗಿ ಟೂರ್ನಿಯ ಒಟ್ಟು ಚಿತ್ರ ಹೇಳುವುದು ಸುಲಭ. ದೊಡ್ಡವರ ಆಟಗಳ ದಾಖಲೆ ತೆಗೆದು ನೋಡಿದರೆ ಐದರಲ್ಲಿ ನಾಲ್ಕು ಆಟಗಳು ಇ4 ಅಥವಾ ಡಿ4 ನಡೆಯಿಂದಲೇ ಶುರುವಾಗುತ್ತವೆ. ಉಳಿದದ್ದರಲ್ಲಿ ಬಹುಪಾಲು ಕುದುರೆ ಎಫ್3, ಇಲ್ಲವೇ ಸಿ4. ಅಂದರೆ 45 ಆಟಗಳ ಟೂರ್ನಿಯಲ್ಲಿ ಸುಮಾರು 36 ಆಟ ಇ4, ಡಿ4 ಈ ಎರಡಕ್ಕೆ ಸೇರಬೇಕು. ಎರಡು ಮೂರು ಆಟ ಆಚೀಚೆ ಆಗಬಹುದು. ಇಷ್ಟು ಹೇಳುವುದಕ್ಕೆ ಚೆಸ್ ಗೊತ್ತಿರಬೇಕಾಗಿಯೂ ಇಲ್ಲ, ಲೆಕ್ಕ ಗೊತ್ತಿದ್ದರೆ ಸಾಕು. ಕಷ್ಟ ಇರುವುದು ಇವತ್ತು, ಈ ಬೋರ್ಡಿನಲ್ಲಿ, ಇವರು ಇವರ ಎದುರು ಏನು ಆಡುತ್ತಾರೆ ಎಂದು ಹೇಳುವುದರಲ್ಲಿ.

ನಮ್ಮ ಮೇಜಿನ ಬಗ್ಗೆ ಒಂದಿಷ್ಟು ಹೇಳಬೇಕು. 1817ರ ಖಡ್ಕಿ ಯುದ್ಧದ ಬಳಿಕ ಬ್ರಿಟಿಷರು ಕಟ್ಟಿದ ದಂಡುಪ್ರದೇಶವೇ ಕ್ಯಾಂಪ್. ಮಹಾತ್ಮ ಗಾಂಧಿ ರಸ್ತೆಯನ್ನು ಇಲ್ಲಿನ ಹಳಬರು ಇನ್ನೂ ಮೇನ್ ಸ್ಟ್ರೀಟ್ ಅನ್ನುತ್ತಾರೆ. ಸೇನೆಯ ಸದರ್ನ್ ಕಮಾಂಡ್, ಅದರ ಲೆಕ್ಕಪತ್ರ ಕಚೇರಿ, ಪಾರ್ಸಿ ಬೇಕರಿ, ಇರಾನಿ ಚಹಾದಂಗಡಿ, ಬಟ್ಟೆಯಂಗಡಿಗಳ ನಡುವೆ ಕನ್ನಡದವರೂ ಸಾಕಷ್ಟಿದ್ದೇವೆ: ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ನೌಕರಿಗೆ ಬಂದವರು, ಉಡುಪಿ ಮಂಗಳೂರಿನ ಕಡೆಯಿಂದ ಹೋಟೆಲಿಗೆ ಬಂದವರು. ನಮ್ಮ ಮೇಜಿನಲ್ಲಿ ಹಿರಿಯರು ಧಾರವಾಡದವರು. ಡಿಫೆನ್ಸ್ ಅಕೌಂಟ್ಸಿನಿಂದ ನಿವೃತ್ತರಾದವರು, ಎಲ್ಲರಿಗೂ ಕಾಕಾ. ಮೋಲೆದಿನಾ ರಸ್ತೆಯಲ್ಲಿ ಮ್ಯಾನೀಸ್ ಪುಸ್ತಕದಂಗಡಿ ಇದ್ದ ಕಾಲದಿಂದ ಚೆಸ್ ಪುಸ್ತಕ ಓದಿಕೊಂಡು ಬಂದವರು. ಕಿರಿಯವನು ಕುಂದಾಪುರದ ಕಡೆಯ ಹೋಟೆಲು ಮನೆತನದ ಹುಡುಗ, ಇಂಜಿನಿಯರಿಂಗ್ ಓದುತ್ತಾನೆ, ಫೋನಿನಲ್ಲಿ ಲಕ್ಷಗಟ್ಟಲೆ ಆಟಗಳ ಡೇಟಾಬೇಸ್ ಇಟ್ಟುಕೊಂಡಿದ್ದಾನೆ. ಇವರಿಬ್ಬರ ವಾದವೇ ನಮ್ಮ ಮುನ್ಸೂಚನೆಯ ಮೂಲಧನ.

ಈ ಚಾಳಿ ಗಟ್ಟಿಯಾದದ್ದು 2024ರ ನವೆಂಬರ್ ಕೊನೆಗೆ, ಸಿಂಗಪುರದಲ್ಲಿ ಗುಕೇಶ್ ಮತ್ತು ಡಿಂಗ್ ಲಿರೆನ್ ವಿಶ್ವ ಚಾಂಪಿಯನ್‌ಷಿಪ್‌ಗೆ ಕೂತಾಗ. ನಮ್ಮ ಗಡಿಯಾರದ ಪ್ರಕಾರ ಮಧ್ಯಾಹ್ನ ಎರಡೂವರೆಗೆ ಆಟ. ಮೊದಲ ದಿನ, ನವೆಂಬರ್ 25ರಂದು, ಗುಕೇಶ್‌ಗೆ ಬಿಳಿಕಾಯಿ. ಅವರು ಇ4 ಆಡಿದರೆ ಡಿಂಗ್ ಏನು ಉತ್ತರ ಕೊಟ್ಟಾರು ಎಂಬುದು ಪ್ರಶ್ನೆ. 

“ಕಾಕಾ, ಫ್ರೆಂಚ್ ಆಡ್ಲಿಕ್ಕೂ ಸಾಕು” ಎಂದ ಹುಡುಗ.

“ಏ, ಸುಮ್ನಿರಪಾ. ಹೋದ ಸಲ ಅಸ್ತಾನಾದಾಗ ಅದನ್ನ ಆಡಿ ಸೋತಾನ. ಮತ್ತ ಅದಕ್ಕ ಕೈ ಹಾಕ್ತಾನೇನು? ಇ5 ಆಡ್ತಾನ, ಬರಕೊ.”

ಕಾಕಾ ಹೇಳಿದ್ದರಲ್ಲಿ ತರ್ಕವಿತ್ತು. 2023ರ ವಿಶ್ವ ಚಾಂಪಿಯನ್‌ಷಿಪ್‌ನ ಏಳನೇ ಆಟದಲ್ಲಿ ಡಿಂಗ್ ಫ್ರೆಂಚ್ ಡಿಫೆನ್ಸ್ ಆಡಿ, ಸಮಯದ ಒತ್ತಡಕ್ಕೆ ಸಿಕ್ಕಿ ನೆಪೊಮ್ನಿಯಾಷಿ ಎದುರು ಸೋತಿದ್ದರು. ಸುಟ್ಟುಕೊಂಡ ಕೈಯನ್ನು ಯಾರೂ ಮತ್ತೆ ಒಲೆಗೆ ಒಡ್ಡುವುದಿಲ್ಲ ಎಂದು ನಾವೆಲ್ಲ ತಲೆಯಾಡಿಸಿದೆವು. ಎರಡೂವರೆಗೆ ಗುಕೇಶ್ ಇ4 ಆಡಿದರು. ಡಿಂಗ್ ಇ6 ಆಡಿದರು. ಫ್ರೆಂಚ್. 42 ನಡೆಗಳಲ್ಲಿ ಡಿಂಗ್ ಗೆದ್ದೂ ಬಿಟ್ಟರು.

ಅವತ್ತು ಹುಡುಗ ಬಿಲ್ಲಿನ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕಿ ತೋರಿಸಿದ. ಗ್ಲೆನ್ ಬ್ರಿಯರ್ ಎಂಬ ಅಮೆರಿಕದ ಹವಾಮಾನ ತಜ್ಞರು 1950ರಲ್ಲಿ ಮುನ್ಸೂಚನೆಗಳ ಗುಣ ಅಳೆಯಲು ಮಾಡಿದ ಲೆಕ್ಕ ಅದು. ಹೇಳುವವರು ‘ಇದೇ ಆಗುತ್ತದೆ’ ಎನ್ನಬಾರದು, ಪ್ರತಿ ಸಾಧ್ಯತೆಗೂ ಇಷ್ಟು ಪಾಲು ಎಂದು ಹಂಚಬೇಕು. ಆಮೇಲೆ, ಆಗಿದ್ದಕ್ಕೆ ಒಂದು, ಆಗದ್ದಕ್ಕೆಲ್ಲ ಸೊನ್ನೆ ಎಂದಿಟ್ಟುಕೊಂಡು, ಪ್ರತಿಯೊಂದರಲ್ಲೂ ನೀವೆಷ್ಟು ತಪ್ಪಿದಿರಿ ಎಂದು ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿಸುವುದು. ಸೊನ್ನೆ ಬಂದರೆ ಅಚ್ಚುಕಟ್ಟು, ಎರಡು ಬಂದರೆ ಪೂರ್ತಿ ಹಾಳು. ಕಾಕಾ ಅವತ್ತು ಇ5ಕ್ಕೆ ಶೇ 70, ಫ್ರೆಂಚಿಗೆ 15, ಕಾರೋ-ಕಾನ್‌ಗೆ 10, ಸಿಸಿಲಿಯನ್‌ಗೆ 5 ಕೊಟ್ಟಿದ್ದರು. ಬಂದದ್ದು ಫ್ರೆಂಚ್. ಲೆಕ್ಕ ಹೀಗೆ: 0.49, 0.7225, 0.01, 0.0025, ಒಟ್ಟು 1.225. ಏನೂ ಗೊತ್ತಿಲ್ಲದ ಒಬ್ಬರು ನಾಲ್ಕಕ್ಕೂ ಸಮನಾಗಿ 25 ಹಂಚಿದ್ದರೆ? 0.75. ಗೊತ್ತಿದ್ದವರು ಗೊತ್ತಿಲ್ಲದವರಿಗಿಂತ ಹಿಂದೆ ಬಿದ್ದಿದ್ದರು. ಕಾಕಾ ಆ ಬಿಲ್ಲನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡರು. ವರ್ಷಗಟ್ಟಲೆ ಲೆಕ್ಕಪತ್ರ ನೋಡಿದ ಕಣ್ಣು, ಅಂಕಿಗೆ ಮರ್ಯಾದೆ ಕೊಡುವುದು ಗೊತ್ತು.

ಆ ಪಂದ್ಯದಲ್ಲಿ ಗುಕೇಶ್ ಇ4 ಆಡಿದ್ದು ಮೂರು ಸಲ: ಒಂದು, ಐದು ಮತ್ತು ಹದಿಮೂರನೇ ಆಟಗಳಲ್ಲಿ. ಮೂರಕ್ಕೆ ಮೂರೂ ಸಲ ಡಿಂಗ್ ಫ್ರೆಂಚ್ ಆಡಿದರು. ಹದಿಮೂರನೇ ಆಟದ ಹೊತ್ತಿಗೆ ಕಾಕಾ ಫ್ರೆಂಚಿಗೆ 60, ಇ5ಕ್ಕೆ 25, ಉಳಿದೆರಡಕ್ಕೆ 10 ಮತ್ತು 5 ಕೊಟ್ಟರು. ಅಂಕ 0.235ಕ್ಕೆ ಇಳಿಯಿತು. ಡಿಂಗ್ ಕರಿಕಾಯಿ ಹಿಡಿದಾಗ ಅವರನ್ನು ಓದಬಹುದಿತ್ತು. ಬಿಳಿಕಾಯಿ ಹಿಡಿದಾಗಲೇ ಅವರು ಬೇರೆ ಮನುಷ್ಯ. ಏಳು ಆಟಗಳಲ್ಲಿ ಅವರ ಮೊದಲ ನಡೆಗಳು ಕ್ರಮವಾಗಿ ಇ4, ಕುದುರೆ ಎಫ್3, ಡಿ4, ಸಿ4, ಡಿ4, ಸಿ4, ಮತ್ತೆ ಕುದುರೆ ಎಫ್3. ನಾಲ್ಕು ಬಗೆಯ ಬಾಗಿಲುಗಳನ್ನೂ ತೆರೆದರು.

ಕೊನೆಯ ಆ ಕುದುರೆ ಎಫ್3 ಹದಿನಾಲ್ಕನೇ ಆಟದ್ದು, ಡಿಸೆಂಬರ್ 12ರದ್ದು. ಅಂಕ ಆರೂವರೆ-ಆರೂವರೆ ಸಮ. ಕೊನೆಯ ಬಿಳಿಕಾಯಿ ಡಿಂಗ್ ಕೈಯಲ್ಲಿ. ಅವರು ಯಾವ ಹಾದಿ ಹಿಡಿದರು? ಏಳನೇ ಆಟದಲ್ಲಿ ಗುಕೇಶ್ ಬಿಳಿಕಾಯಿ ಹಿಡಿದು ತಮ್ಮ ಎದುರು ಆಡಿದ್ದ ಹೆಚ್ಚೂಕಡಿಮೆ ಅದೇ ಹಾದಿ. ಕುದುರೆ ಎಫ್3, ಕಾಲಾಳು ಜಿ3, ಒಂಟೆ ಜಿ2, ಆಮೇಲೆ ಡಿ4. ಎದುರಾಳಿಯ ಬತ್ತಳಿಕೆಯಿಂದಲೇ ಬಾಣ ತೆಗೆದು ಎದುರಾಳಿಯ ಮೇಲೆ ಹೂಡುವುದು ಇದು. ಗುಕೇಶ್ ತಂಡ ಈ ಹಾದಿಯನ್ನು ಬಿಳಿಯ ಕಡೆಯಿಂದ ತಿದ್ದಿ ತೀಡಿತ್ತು. ಕರಿಯ ಕಡೆ ಕೂತು ಅದನ್ನು ಎದುರಿಸಬೇಕಾದೀತು ಎಂದು ಎಷ್ಟು ನೋಡಿತ್ತೋ? ಹಿಂದಿನ ಇಡೀ ಜೀವಮಾನದ ಡೇಟಾಬೇಸ್ ತಿರುವಿದರೂ ಡಿಂಗ್ ಅವತ್ತು ಇದನ್ನು ಆಡುತ್ತಾರೆ ಎಂಬ ಗಟ್ಟಿ ಸುಳಿವು ಸಿಗುವುದು ಕಷ್ಟವಿತ್ತು. ಸುಳಿವು ಇದ್ದದ್ದು ಅದೇ ಪಂದ್ಯದ ಏಳನೇ ಆಟದಲ್ಲಿ, ಅದೂ ಎದುರಾಳಿಯ ನಡೆಗಳಲ್ಲಿ. ಆಟ ಆಮೇಲೆ ಓಪನಿಂಗಿನಿಂದ ತೀರ್ಮಾನ ಆಗಲಿಲ್ಲ. ಡ್ರಾ ಕಡೆಗೆ ಸಾಗುತ್ತಿದ್ದದ್ದು 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಸರಿಸಿದಾಗ ತಿರುಗಿತು. ಹದಿನೆಂಟರ ಗುಕೇಶ್ ಜಗತ್ತಿನ ಅತಿ ಕಿರಿಯ ಚಾಂಪಿಯನ್ ಆದರು. ಆ ಸಂಜೆ ಮೇನ್ ಸ್ಟ್ರೀಟಿನಲ್ಲಿ ನಾವು ಪೇಡೆ ಹಂಚಿದೆವು.

ಮಳೆಯ ಮುನ್ಸೂಚನೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಇಲಾಖೆ ಶೇ 105 ಎಂದಿತು. ಸೆಪ್ಟೆಂಬರ್ ಕೊನೆಗೆ ಆದದ್ದು ಶೇ 108. ಅಂದಾಜು ಮೂರು ಅಂಕ ತಪ್ಪಿತು, ಆದರೆ ಮೋಡ ಆ ಅಂದಾಜನ್ನು ಕೇಳಿಸಿಕೊಂಡು, ‘ಇವರು ಹೀಗಂದರಲ್ಲ, ಬೇರೆ ಕಡೆ ಸುರಿಯೋಣ’ ಎಂದುಕೊಳ್ಳಲಿಲ್ಲ. ಚೆಸ್ ಆಟಗಾರ ಕೇಳಿಸಿಕೊಳ್ಳುತ್ತಾನೆ. ಎದುರಾಳಿ ತನ್ನ ಬಗ್ಗೆ ಏನು ಅಂದಾಜು ಮಾಡಿದ್ದಾನೆ ಎಂಬುದನ್ನು ಅಂದಾಜು ಮಾಡುವುದೇ ಅವನ ಅರ್ಧ ಕೆಲಸ. ಚಿಕ್ಕಂದಿನಲ್ಲಿ ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು ಸರಿಯೋ ಬೆಸವೋ ಎಂದು ಕೇಳುತ್ತಿದ್ದೆವಲ್ಲ, ಎರಡು ಸಲ ಸರಿ ಹಿಡಿದವನು ಮೂರನೇ ಸಲ ಏನು ಹಿಡಿಯುತ್ತಾನೆ ಎಂಬ ತಲೆಬಿಸಿ ಇಲ್ಲೂ ಅದೇ. ಹಾಗೆಂದು ಆಟಗಾರರು ಚೀಟಿ ಎತ್ತಿ ಓಪನಿಂಗ್ ಆರಿಸುವ ಹಾಗೂ ಇಲ್ಲ. ಗೊತ್ತಿಲ್ಲದ ಹಾದಿಗೆ ಇಳಿದರೆ ತಾವೇ ದಾರಿ ತಪ್ಪುತ್ತಾರೆ. ರೂಢಿಯ ಹಾದಿಯಲ್ಲಿ ಬಲವಿದೆ ಆದರೆ ಎದುರಾಳಿ ಕಾದು ಕೂತಿರುತ್ತಾನೆ. ಹೊಸ ಹಾದಿಯಲ್ಲಿ ಯಾರೂ ಕಾದಿಲ್ಲ ಆದರೆ ಕಾಲಿಗೆ ಅಭ್ಯಾಸವಿಲ್ಲ. ಈ ಎಳೆದಾಟದಲ್ಲಿ ಯಾರು ಎಷ್ಟು ದೂರ ಹೋಗಬಲ್ಲರು ಎಂದು ತಿಳಿದವರೇ ಒಳ್ಳೆಯ ಅಂದಾಜು ಮಾಡಬಲ್ಲರು. ಡೇಟಾಬೇಸ್ ಹೇಳುವುದು ಆಟಗಾರ ಇಲ್ಲಿಯವರೆಗೆ ಎಲ್ಲಿದ್ದ ಎಂಬುದನ್ನು ಮಾತ್ರ.

ಇದು ಕಂಪ್ಯೂಟರಿಗಿಂತ ಹಳೆಯ ಕಥೆ. 1972ರಲ್ಲಿ ರೇಕ್ಯಾವಿಕ್‌ನಲ್ಲಿ ಸ್ಪಾಸ್ಕಿ ಎದುರು ಕೂತ ಬಾಬಿ ಫಿಷರ್ ಆವರೆಗೆ ಹೆಚ್ಚೂಕಡಿಮೆ ಬಾಳಿಡೀ ಇ4 ಆಡಿದವರು. ಆರನೇ ಆಟದಲ್ಲಿ ಸಿ4 ಆಡಿ, ಅಲ್ಲಿಂದ ಕ್ವೀನ್ಸ್ ಗ್ಯಾಂಬಿಟ್‌ಗೆ ಹೊರಳಿ, ಸ್ಪಾಸ್ಕಿಯವರೇ ನೆಚ್ಚಿಕೊಂಡಿದ್ದ ರಕ್ಷಣೆಯ ಎದುರು ಅವರನ್ನು ಸೋಲಿಸಿದರು. ಆಟ ಮುಗಿದಾಗ ಸೋತ ಸ್ಪಾಸ್ಕಿಯೂ ಚಪ್ಪಾಳೆ ತಟ್ಟಿದರು. ನಮ್ಮಂಥವರಿಗೆ ಆ ಆಟದಲ್ಲಿ ಒಂದು ತಾಂತ್ರಿಕ ಪಾಠವೂ ಇದೆ: ಮೊದಲ ನಡೆ ಸಿ4, ಆದರೆ ಓಪನಿಂಗ್ ಕ್ವೀನ್ಸ್ ಗ್ಯಾಂಬಿಟ್. ಒಂದು ಊರಿಗೆ ಹಲವು ರಸ್ತೆ ಇರುವುದರಿಂದ, ಹತ್ತನೇ ನಡೆಯಲ್ಲಿ ಬೋರ್ಡಿನ ಮೇಲೆ ಏನಿದೆಯೋ ಅದೇ ಹೆಸರು ಎಂಬ ನಿಯಮವನ್ನು ನಮ್ಮ ಮೇಜಿನಲ್ಲಿ ಮೊದಲೇ ಮಾಡಿಕೊಂಡೆವು. ಇಲ್ಲವಾದರೆ ಜಗಳ ಮುಗಿಯುವುದಿಲ್ಲ.

ಮಾಹಿತಿಯ ಬಲ ಎಷ್ಟೆಂದು ಎದ್ದು ಕಾಣುವಂತೆ ತೋರಿಸಿದವರು ಕಾಸ್ಪರೋವ್. 1985ರಲ್ಲಿ ಹ್ಯಾಂಬರ್ಗಿನ ಕ್ಲಬ್ಬಿನ ಎಂಟು ಬಲವಾದ ಆಟಗಾರರ ಎದುರು ಒಟ್ಟಿಗೆ ಆಡಿ ಅವರು ಮೂರೂವರೆ-ನಾಲ್ಕೂವರೆಯಿಂದ ಸೋತಿದ್ದರು. 1987ರಲ್ಲಿ ಮತ್ತೆ ಅದೇ ತಂಡದ ಎದುರು ಕೂರುವ ಮೊದಲು, ಹ್ಯಾಂಬರ್ಗಿನಲ್ಲಿ ಆಗಷ್ಟೇ ಹುಟ್ಟಿದ್ದ ಚೆಸ್‌ಬೇಸ್ ಎಂಬ ಡೇಟಾಬೇಸಿನಲ್ಲಿ ಆ ಎಂಟೂ ಮಂದಿಯ ಆಟಗಳನ್ನು ಜಾಲಾಡಿ, 7-1ರಿಂದ ಗೆದ್ದರು. ಆದರೆ 2000ದಲ್ಲಿ ಲಂಡನ್ನಿನಲ್ಲಿ ಅದೇ ಕಾಸ್ಪರೋವ್ ಎದುರು ಕ್ರಾಮ್ನಿಕ್ ಬರ್ಲಿನ್ ಡಿಫೆನ್ಸ್ ಎಂಬ, ಆಗ ಮೂಲೆಗೆ ಸರಿದಿದ್ದ ಹಳೆಯ ಹಾದಿಯನ್ನು ತಂದಿಟ್ಟರು. ಇಡೀ ಪಂದ್ಯದಲ್ಲಿ ಕಾಸ್ಪರೋವ್‌ಗೆ ಒಂದು ಆಟವನ್ನೂ ಗೆಲ್ಲಲು ಆಗಲಿಲ್ಲ.

ನನಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು 2008ರ ಬಾನ್ ಪಂದ್ಯ. ವಿಶ್ವನಾಥನ್ ಆನಂದ್ ಎಂದರೆ ಇ4 ಎಂದು ಜಗತ್ತೇ ನಂಬಿದ್ದ ಕಾಲ. ಕ್ರಾಮ್ನಿಕ್ ಎದುರು ತಮಗೆ ಮೊದಲ ಸಲ ಬಿಳಿಕಾಯಿ ಬಂದ ಎರಡನೇ ಆಟದಲ್ಲಿ ಅವರು ಡಿ4 ಆಡಿದರು. ಎದುರಾಳಿಯ ಎಷ್ಟೋ ತಿಂಗಳ ತಯಾರಿ ಒಂದು ಕಾಲಾಳಿನ ನಡೆಗೆ ಪೆಟ್ಟಿಗೆ ಸೇರಿತು. ಮೂರನೇ ಆಟದಲ್ಲಿ, ಕರಿಕಾಯಿ ಹಿಡಿದು, ಸೆಮಿ-ಸ್ಲಾವಿನ ಮೆರಾನ್ ಎಂಬ ಕತ್ತಿಯಂಚಿನ ಹಾದಿಯಲ್ಲಿ 14ನೇ ನಡೆಗೆ ಒಂಟೆಯನ್ನು ಬಿ7ಕ್ಕೆ ಇಟ್ಟರು. ತಂಡ ಮನೆಯಲ್ಲಿ ಕೂತು ಹುಡುಕಿದ ನಡೆ ಅದು. ಕ್ರಾಮ್ನಿಕ್ ಸೋತರು. ಐದನೇ ಆಟದಲ್ಲಿ ಕ್ರಾಮ್ನಿಕ್ ಅದೇ ಹಾದಿಗೆ ಮತ್ತೆ ಬಂದರು, ಈ ಸಲ ಉತ್ತರ ಇದೆ ಎಂಬ ಭರವಸೆಯಿಂದ. ಆನಂದ್ ತಂಡ ಅದನ್ನೂ ಕಂಡಿತ್ತು. ಮತ್ತೆ ಕರಿಕಾಯಿಗೇ ಜಯ. ಆ ತಂಡದಲ್ಲಿ ನೀಲ್ಸನ್, ಕಾಸಿಮ್‌ಜಾನೋವ್, ವೊಯ್ತಾಷೆಕ್ ಜೊತೆಗೆ ನಮ್ಮ ಕೋಲ್ಕತ್ತದ ಸೂರ್ಯಶೇಖರ ಗಂಗೂಲಿ ಇದ್ದರು. ಕ್ರಾಮ್ನಿಕ್‌ರಂಥವರೂ ಸೋತ ಹಾದಿಗೆ ಹಿಂದಿರುಗುತ್ತಾರೆ ಎಂದು ಮೊದಲೇ ಅಂದಾಜು ಮಾಡಿದ್ದು ಓಪನಿಂಗಿನ ಜ್ಞಾನದಿಂದಲ್ಲ, ಸೋತವರ ಛಲ ಹೇಗಿರುತ್ತದೆ ಎಂದು ಬಲ್ಲದ್ದರಿಂದ.

ಗುಟ್ಟು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ 2018ರ ಘಟನೆ ಸಾಕು. ಕಾರ್ಲ್‌ಸನ್-ಕರುವಾನಾ ಪಂದ್ಯ ಲಂಡನ್ನಿನಲ್ಲಿ ನಡೆದಿರುವಾಗಲೇ ಸೇಂಟ್ ಲೂಯಿಸ್ ಕ್ಲಬ್ಬಿನ ಒಂದು ವಿಡಿಯೊದಲ್ಲಿ ಕರುವಾನಾ ತಯಾರಿಯ ಲ್ಯಾಪ್‌ಟಾಪ್ ಪರದೆ ಕ್ಷಣಕಾಲ ಕಂಡುಬಿಟ್ಟಿತು. ಅದರಲ್ಲಿದ್ದ ಓಪನಿಂಗ್ ಹೆಸರುಗಳನ್ನು ಜಗತ್ತಿನ ಚೆಸ್ ಮಂದಿ ಭೂತಗನ್ನಡಿ ಹಿಡಿದು ಓದಿದರು. ವಿಡಿಯೊ ಬೇಗನೆ ಮಾಯವಾಯಿತು. ಆ ಪಂದ್ಯದ ಹನ್ನೆರಡು ಆಟವೂ ಡ್ರಾ ಆದವು.

ಆಟ ವಿಶ್ಲೇಷಿಸುವ ಈಗಿನ ಕಂಪ್ಯೂಟರ್ ಎಂಜಿನ್‌ಗಳು ಇನ್ನೊಂದು ಕೆಲಸ ಮಾಡಿವೆ. ಹಿಂದೆ ಕೆಲವು ಓಪನಿಂಗ್‌ಗಳು ‘ಕೆಟ್ಟವು’ ಎಂದು ಪುಸ್ತಕಗಳು ಷರಾ ಬರೆದುಬಿಡುತ್ತಿದ್ದವು, ದೊಡ್ಡವರು ಆ ಕಡೆ ಸುಳಿಯುತ್ತಿರಲಿಲ್ಲ. ಎಂಜಿನ್ ಬಂದು ಅವುಗಳಲ್ಲಿ ಎಷ್ಟೋ ಆಡುವಂಥವೇ ಎಂದು ತೋರಿಸಿತು. ಲಂಡನ್ ಸಿಸ್ಟಂ ಇದಕ್ಕೆ ಸಾಕ್ಷಿ. ಡಿ4 ಆಡಿ ಒಂಟೆಯನ್ನು ಎಫ್4ಕ್ಕೆ ತಂದು ಗಟ್ಟಿಯಾಗಿ ಕೂರುವ ಈ ಕ್ರಮವನ್ನು ಭಾನುವಾರದ ಕ್ಲಬ್ ಆಟಗಾರರದ್ದು ಎಂದು ಹಗುರವಾಗಿ ಕಾಣುತ್ತಿದ್ದರು. ಡಿಂಗ್ ಅದನ್ನು 2023ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟದಲ್ಲಿ ಆಡಿ ಗೆದ್ದರು, ಸಿಂಗಪುರದಲ್ಲೂ ಎರಡು ಸಲ ಆಡಿದರು. ಎಲ್ಲ ಹಾದಿಗಳೂ ಸರಿಸುಮಾರು ಸಮ ಎಂದಾದಾಗ ‘ಒಳ್ಳೆಯದನ್ನೇ ಆಡುತ್ತಾರೆ’ ಎಂಬ ಅಂದಾಜಿಗೆ ಅರ್ಥ ಉಳಿಯುವುದಿಲ್ಲ. ಎದುರಾಳಿ ಕಡಿಮೆ ಓದಿರುವುದನ್ನು ಆಡುತ್ತಾರೆ. ಡೇಟಾ ದಟ್ಟವಾದಷ್ಟೂ ಆಟಗಾರರು ಡೇಟಾ ತೆಳುವಾದ ಕಡೆಗೆ ಸರಿಯುತ್ತಾರೆ.

ಇಷ್ಟು ತಿಳಿದುಕೊಂಡು ಪುಣೆಯ ಟೂರ್ನಿಗೆ ಬಂದರೆ ನೋಡಬೇಕಾದದ್ದೇ ಬೇರೆಯಾಗುತ್ತದೆ. ವಿಶ್ವ ಚಾಂಪಿಯನ್‌ಷಿಪ್‌ಗೆ ತಿಂಗಳುಗಟ್ಟಲೆ ಒಬ್ಬ ಎದುರಾಳಿಯನ್ನು ಓದಬಹುದು. ಇಲ್ಲಿ ಒಂಬತ್ತು ಮಂದಿ, ಒಬ್ಬೊಬ್ಬರಿಗೆ ಹೆಚ್ಚೆಂದರೆ ಒಂದು ರಾತ್ರಿ, ಒಂದು ಬೆಳಿಗ್ಗೆ. ಹಾಗಾಗಿ ರೂಢಿಯ ಪಾಲು ಇಲ್ಲಿ ಹೆಚ್ಚು. ಕೋನೇರು ಹಂಪಿ ಬಿಳಿಕಾಯಿ ಹಿಡಿದರೆ ಡಿ4 ಕಡೆಗೆ, ಆರ್. ವೈಶಾಲಿ ಹಿಡಿದರೆ ಇ4 ಕಡೆಗೆ ಭಾರ ಹಾಕುವುದು ವಿವೇಕ. ಯಾವ ಸುತ್ತಿನಲ್ಲಿ ಯಾರ ಎದುರು ಯಾವ ಬಣ್ಣ ಎಂಬುದು ಮೊದಲ ದಿನದ ಚೀಟಿಯಲ್ಲೇ ತೀರ್ಮಾನ ಆಗಿರುತ್ತದೆ. ಸುತ್ತುಗಳು ಮುಂದುವರಿದಂತೆ ರೂಢಿಯ ಜಾಗಕ್ಕೆ ಅಂಕಪಟ್ಟಿ ಬಂದು ಕೂರುತ್ತದೆ. ಅರ್ಧ ಅಂಕ ಸಾಕೆನ್ನುವವರಿಗೆ ಒಂದು ಬಗೆಯ ಓಪನಿಂಗ್, ಗೆಲ್ಲಲೇಬೇಕಾದವರಿಗೆ ಇನ್ನೊಂದು. ಕರಿಕಾಯಿ ಹಿಡಿದು ಗೆಲ್ಲಲೇಬೇಕಾದವರು ಪೆಟ್ರೋವ್‌ನಂಥ ಸಮತಟ್ಟು ರಕ್ಷಣೆ ಬಿಟ್ಟು ಸಿಸಿಲಿಯನ್ ಅಥವಾ ಕಿಂಗ್ಸ್ ಇಂಡಿಯನ್ ಕಡೆ ಹೊರಳುವ ಸಾಧ್ಯತೆಯನ್ನು ದುಪ್ಪಟ್ಟು ಮಾಡಿ ಬರೆಯಬೇಕು.

ಈ ಟೂರ್ನಿಯಲ್ಲಿ ಡೇಟಾಬೇಸಿಗೆ ಸಿಗದ ಇನ್ನೊಂದು ಸಂಗತಿ ಇತ್ತು. ಹತ್ತು ಮಂದಿಯಲ್ಲಿ ನಾಲ್ವರು ಭಾರತದವರು: ಹಂಪಿ, ದ್ರೋಣವಲ್ಲಿ ಹಾರಿಕಾ, ವೈಶಾಲಿ, ನಾಗಪುರದ ದಿವ್ಯಾ ದೇಶಮುಖ್. ಇವರ ನಡುವೆಯೇ ಆರು ಆಟ. ಇವರಲ್ಲಿ ಹಂಪಿ ಬಿಟ್ಟು ಉಳಿದ ಮೂವರು 2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟಿನಲ್ಲಿ ಒಲಿಂಪಿಯಾಡ್ ಚಿನ್ನ ಗೆದ್ದ ತಂಡದವರು. ಆ ತಂಡದ ನಾಯಕರಾಗಿದ್ದವರು ಇದೇ ಪುಣೆಯ ಗ್ರ್ಯಾಂಡ್‌ಮಾಸ್ಟರ್, 2003ರ ಬ್ರಿಟಿಷ್ ಚಾಂಪಿಯನ್ ಅಭಿಜಿತ್ ಕುಂಟೆ. ಒಂದೇ ತಂಡವಾಗಿ ಆಡಿ, ಏಳು ತಿಂಗಳ ಬಳಿಕ ಒಬ್ಬರ ಎದುರು ಒಬ್ಬರು ಕೂತಾಗ ಏನು ಆಡಬೇಕು? ಇವಳಿಗೆ ಗೊತ್ತು ಎಂದು ನನಗೆ ಗೊತ್ತು ಎಂದು ಅವಳಿಗೂ ಗೊತ್ತು. ಅಂಥ ಆಟಗಳಿಗೆ ಸಮನಾಗಿ ಪಾಲು ಹಂಚುವುದೇ ಪ್ರಾಮಾಣಿಕತೆ ಎಂದು ನಾನು ವಾದಿಸಿದೆ. ಕಾಕಾ ಒಪ್ಪಲಿಲ್ಲ.

“ಗೊತ್ತಿದ್ದವರ ಜೋಡಿ ಆಡೂ ಮುಂದ ಯಾರೂ ಸಾಹಸ ಮಾಡಂಗಿಲ್ಲ. ಮನಿ ಹಾದಿ ಹಿಡೀತಾರ.”

“ಹಾಗಾದ್ರೆ ನೀವು ಶೇಕಡಾ ಬರೀರಿ ಕಾಕಾ, ಸುಮ್ಮನೆ ಹೇಳಿದ್ರೆ ಆಗ್ಲಿಕ್ಕಿಲ್ಲ” ಎಂದ ಹುಡುಗ. ಕಾಕಾ ಬರೆದರು. ಈಗ ಅವರು ಯಾವುದಕ್ಕೂ 70 ಕೊಡುವುದಿಲ್ಲ.

ಟೂರ್ನಿಯಲ್ಲಿ ಹಂಪಿ ಮತ್ತು ಚೀನಾದ ಜು ಜಿನೆರ್ ಏಳೇಳು ಅಂಕ ಪಡೆದು ಸಮವಾದರು. ಕೊನೆಯ ಸುತ್ತಿನಲ್ಲಿ ಬಲ್ಗೇರಿಯಾದ ಸಲಿಮೋವಾರನ್ನು ಸೋಲಿಸಿದ ಹಂಪಿಗೆ ಟೈಬ್ರೇಕ್ ಆಧಾರದಲ್ಲಿ ಪ್ರಶಸ್ತಿ. ದಿವ್ಯಾ ಮೂರನೆಯವರು, ಮೂರು ತಿಂಗಳ ಬಳಿಕ ಬಟುಮಿಯಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್‌ನಲ್ಲಿ ಅವರು ಹಂಪಿಯವರನ್ನೇ ಸೋಲಿಸಿದರು.

ಓಪನಿಂಗಿನ ರೂಢಿ ಎಲ್ಲಿಂದ ಬರುತ್ತದೆ ಎಂದು ಯೋಚಿಸಿದಾಗ ನನಗೆ ಮಹೇಶ್ಚಂದ್ರ ಬ್ಯಾನರ್ಜಿ ನೆನಪಾಗುತ್ತಾರೆ. ನಮ್ಮ ಹಳೆಯ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ಆ ನಿಯಮದಲ್ಲಿ ಬೆಳೆದವರು ಕಾಲಾಳನ್ನು ಡಿ6, ಜಿ6 ಎಂದು ಮೆಲ್ಲಗೆ ಸರಿಸಿ, ಒಂಟೆಯನ್ನು ಪಕ್ಕದಿಂದ ಹೊರತಂದು, ನಡುಮನೆಗಳನ್ನು ದೂರದಿಂದ ಗುರಿಯಿಡುತ್ತಿದ್ದರು. 1850ರ ದಶಕದ ಕಲ್ಕತ್ತದಲ್ಲಿ ಜಾನ್ ಕಾಕ್ರೇನ್ ಎಂಬ ಆಟಗಾರರ ಎದುರು ಯೂರೋಪಿನ ನಿಯಮದಲ್ಲಿ ಆಡುವಾಗಲೂ ಬ್ಯಾನರ್ಜಿ ತಮ್ಮ ಈ ಬಾಲ್ಯದ ರೂಢಿ ಬಿಡಲಿಲ್ಲ. 1855ರ ಅವರ ಒಂದು ಆಟದಲ್ಲಿ, ಮುಂದೆ 1922ರಲ್ಲಿ ಗ್ರುನ್‌ಫೆಲ್ಡ್ ಹೆಸರು ಪಡೆದ ರಕ್ಷಣೆಯೇ ಬಂದಿದೆ. ಇವತ್ತು ಕಿಂಗ್ಸ್ ಇಂಡಿಯನ್, ನಿಮ್ಜೊ ಇಂಡಿಯನ್, ಕ್ವೀನ್ಸ್ ಇಂಡಿಯನ್ ಎಂದು ಓಪನಿಂಗ್‌ಗಳ ಒಂದು ದೊಡ್ಡ ಕುಟುಂಬವೇ ನಮ್ಮ ಹೆಸರು ಹೊತ್ತಿದೆ. ಅದೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಲ್ಲಿ ಬೋರ್ಡಿನ 64 ಮನೆಗಳನ್ನೂ ಸುತ್ತಿಸುವ ಬಂಧಗಳಲ್ಲಿ ಮುಳುಗಿದ್ದರು. ಅಲ್ಲಿ ಎದುರಾಳಿಯೇ ಇಲ್ಲದ್ದರಿಂದ ಅಂದಾಜಿನ ತಂಟೆಯಿಲ್ಲ. ಬ್ಯಾನರ್ಜಿಯವರ ಎದುರು ಕೂತವರಿಗೆ ಅಂದಾಜು ಸುಲಭವಿತ್ತು, ಉತ್ತರ ಮಾತ್ರ ಸುಲಭವಿರಲಿಲ್ಲ. ಏನು ಬರುತ್ತದೆ ಎಂದು ತಿಳಿದ ಮಾತ್ರಕ್ಕೆ ಅದನ್ನು ಎದುರಿಸಿದಂತಾಗುವುದಿಲ್ಲ ಎಂಬುದಕ್ಕೆ ಕ್ರಾಮ್ನಿಕ್‌ರ ಬರ್ಲಿನ್ ಕೂಡ ಸಾಕ್ಷಿ. ಮೂರನೇ ಆಟದ ಹೊತ್ತಿಗೆ ಕಾಸ್ಪರೋವ್‌ಗೂ ಅದು ಬರುತ್ತದೆಂದು ಗೊತ್ತಿತ್ತು.

ಈ ಹಗ್ಗಜಗ್ಗಾಟವೇ ಬೇಡ ಎನ್ನುವವರೂ ಇದ್ದಾರೆ. ಹಿಂದಿನ ಸಾಲಿನ ಕಾಯಿಗಳನ್ನು ಚೀಟಿಯೆತ್ತಿ ಜೋಡಿಸುವ ಪದ್ಧತಿಯನ್ನು ಫಿಷರ್ 1996ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮುಂದಿಟ್ಟರು. ಒಟ್ಟು 960 ಜೋಡಣೆ. ಯಾವುದು ಬರುತ್ತದೆಂದು ಆಟಕ್ಕೆ ಕೂರುವ ಸ್ವಲ್ಪ ಮೊದಲಷ್ಟೇ ಗೊತ್ತಾಗುವುದರಿಂದ ಮನೆಯ ತಯಾರಿ ನಡೆಯುವುದಿಲ್ಲ. 2025ರ ಫೆಬ್ರುವರಿಯಲ್ಲಿ ಜರ್ಮನಿಯ ವೈಸೆನ್‌ಹೌಸ್‌ನಲ್ಲಿ ಫ್ರೀಸ್ಟೈಲ್ ಎಂಬ ಹೆಸರಿನಲ್ಲಿ ದೊಡ್ಡ ಟೂರ್ನಿಯೇ ನಡೆಯಿತು, ಜರ್ಮನಿಯ ವಿನ್ಸೆಂಟ್ ಕೈಮರ್ ಗೆದ್ದರು. ಹುಡುಗನಿಗೆ ಇದು ಇಷ್ಟ. ತಲೆಯೊಂದೇ ಸಾಕು, ಕಂಠಪಾಠ ಬೇಡ ಎನ್ನುತ್ತಾನೆ.

“ಬಾಯಿಪಾಠ ಅಲ್ಲಪಾ ಅದು” ಎನ್ನುತ್ತಾರೆ ಕಾಕಾ. “ಆನಂದ್ ಬಾನ್‌ದಾಗ ಡಿ4 ಆಡಿದ್ದು ಬಾಯಿಪಾಠ ಏನು? ಮಂದಿ ಅವನ್ನ ಇ4 ಅಂತ ತಿಳಕೊಂಡಿದ್ದಕ್ಕ ಅದಕ್ಕ ಬೆಲೆ ಬಂತು. ಯಾರೂ ಏನೂ ತಿಳಕೊಳ್ಳದ ಆಟದಾಗ ಯಾರನ್ನ ಹ್ಯಾಂಗ ಬೆರಗು ಮಾಡ್ತಿ?”

ಹುಡುಗ ಇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ನಾನು ಈ ವಿಷಯದಲ್ಲಿ ಕಾಕಾ ಪಕ್ಷ. ನಮ್ಮ ಹಾಳೆಯಲ್ಲಿ ಈಗ ಶೇಕಡಾದ ಪಕ್ಕಕ್ಕೆ ಹೊಸದೊಂದು ಕಾಲಂ ಗೀಚಿದ್ದೇವೆ: ‘ಯಾಕೆ?’ ಇ5ಕ್ಕೆ 40 ಎಂದು ಬರೆದವರು ಅದರಲ್ಲಿ ‘ನಿನ್ನೆ ಸೋತಿದ್ದಾರೆ, ಡ್ರಾ ಬೇಕು’ ಎಂದೋ, ‘ನಾಳೆ ವಿಶ್ರಾಂತಿ, ದೀರ್ಘ ಆಟಕ್ಕೆ ಹೆದರುವುದಿಲ್ಲ’ ಎಂದೋ ಒಂದು ಸಾಲು ಬರೆಯಬೇಕು. ಅಂಕ ಕೂಡಿಸುವಾಗ ಆ ಕಾಲಂ ಲೆಕ್ಕಕ್ಕಿಲ್ಲ. ಆಟ ಮುಗಿದ ಮೇಲೆ ಎಲ್ಲರೂ ಮೊದಲು ಓದುವುದು ಮಾತ್ರ ಅದನ್ನೇ.